ಗಜಶಾಲೆಯ ಪೆಟ್ಟು, ಆಸ್ಥಾನದ ಒದೆ

ಸಮ್ಮೇಳನದ ಸ್ಮರಣ ಸಂಚಿಕೆಗಾಗಿ ಹಳಗನ್ನಡ ಕಾವ್ಯವನ್ನು ಕುರಿತು ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದ ವಾರದಲ್ಲಿಯೇ ನಾವು ಒಂದು ಪ್ರೌಢಶಾಲೆಯ ಗೋಡೆಯ ಮೇಲೆ ಒಂದು ಭಿತ್ತಿಪತ್ರವನ್ನು ಕಂಡೆವು. ಹದಿಹರೆಯದ ಮಕ್ಕಳು ಪ್ರೇಮದ ಹೆಸರಿನಲ್ಲಿ ನಡೆಯುವ ಹಿಂಸೆಯ ವಿಷಯದಲ್ಲಿ ಎಚ್ಚರದಿಂದಿರಬೇಕೆಂಬುದು ಅದರ ತಾತ್ಪರ್ಯ. ಮೇಲೆ ಮಲಯಾಳ, ಕೆಳಗೆ ಕನ್ನಡ. ನಮ್ಮ ಕಾಸರಗೋಡಿನ ಸೀಮೆಯಲ್ಲಿ ಕನ್ನಡವು ಹೀಗೆ ಕೆಳಗಡೆ, ಸಣ್ಣ ಅಕ್ಷರಗಳಲ್ಲಿ, ಯಾರೋ ಅವಸರದಲ್ಲಿ ಅನುವಾದಿಸಿದ ರೂಪದಲ್ಲಿ ಕಾಣಿಸಿಕೊಳ್ಳುವುದು ಹೊಸತಲ್ಲ. ಅದರ ದೂರನ್ನು ಬೇರೆ ವೇದಿಕೆಗೆ ಇಟ್ಟುಕೊಳ್ಳೋಣ. ಅಂದು ನಮ್ಮನ್ನು ತಡೆದು ನಿಲ್ಲಿಸಿದುದು ಬೇರೆ ಒಂದು ವಿಚಾರ. ಅನುವಾದಕ್ಕೆ ಸಿಗದ ಈ ವಿಷಯ ನಮ್ಮ ಕಾವ್ಯಕ್ಕೆ ಎಂದೋ ಸಿಕ್ಕಿತ್ತು. ನಾವೇ ಮೂರು ದಶಕಗಳ ಕಾಲ ಅದನ್ನು ತರಗತಿಯಲ್ಲಿ ಓದಿಸಿದ್ದೆವು. ಆದರೆ ಸರಿಯಾಗಿ ಓದಿಸಲಿಲ್ಲ.

ನಮ್ಮ ಮನಸ್ಸಿನಲ್ಲಿರುವುದು ಎರಡು ಪ್ರಸಂಗಗಳು. ಒಂದು ಜನ್ನನ ‘ಯಶೋಧರ ಚರಿತೆ’ಯ ಅಮೃತಮತಿಯದು, ಇನ್ನೊಂದು ವಿರಾಟಪರ್ವದ ಸೈರಂಧ್ರಿಯದು. ಎರಡರಲ್ಲಿಯೂ ಒಬ್ಬ ಗಂಡಸು ಒಬ್ಬ ಹೆಂಗಸಿನ ಮುಡಿಗೆ ಕೈಹಾಕುತ್ತಾನೆ, ಕಾಲಿನಿಂದ ಒದೆಯುತ್ತಾನೆ. ಒಂದು ಗಜಶಾಲೆಯ ಕತ್ತಲೆಯಲ್ಲಿ ನಡೆಯುತ್ತದೆ, ಮತ್ತೊಂದು ತುಂಬಿದ ಆಸ್ಥಾನದಲ್ಲಿ. ಇಬ್ಬರೂ ಹದಿಹರೆಯದವರಲ್ಲ, ರಾಣಿಯರು. ಆದರೂ ಇಂದಿನ ಹದಿನಾರು ಹದಿನೇಳರ ಮಕ್ಕಳಿಗೆ ಆಗುತ್ತಿರುವುದೇನೆಂಬುದನ್ನು ಇವೆರಡರಷ್ಟು ಸ್ಪಷ್ಟವಾಗಿ ತೋರಿಸುವ ಪುಟಗಳು ನಮ್ಮ ಭಾಷೆಯಲ್ಲಿ ವಿರಳವೆಂಬುದು ನಮ್ಮ ಅಭಿಮತ.

1209ರಲ್ಲಿ ರಚಿತವಾದ ಜನ್ನನ ಕಾವ್ಯದ ಕಥೆಯನ್ನು ಈ ಸಂಚಿಕೆಯ ವಾಚಕರಿಗೆ ವಿಸ್ತರಿಸಿ ಹೇಳಬೇಕಾದ ಅಗತ್ಯವಿಲ್ಲ. ಉಜ್ಜಯಿನಿಯ ಅರಸ ಯಶೋಧರನ ರಾಣಿ ಅಮೃತಮತಿ, ಬೆಳಗಿನ ಜಾವದಲ್ಲಿ ಆನೆಯ ಲಾಯದ ಕಡೆಯಿಂದ ಕೇಳಿಬಂದ ಗಾನಕ್ಕೆ ಮನಸೋಲುತ್ತಾಳೆ. ಹಾಡಿದವನು ಕುರೂಪಿಯಾದ ಮಾವುತ, ಅಷ್ಟಾವಂಕ. ದೂತಿಯು ಹೋಗಿ ನೋಡಿ ಬಂದು ಅವನ ರೂಪವನ್ನು ಅಣಕವಾಡುವಂತೆ ಬಣ್ಣಿಸಿದರೂ ರಾಣಿಯ ಮನಸ್ಸು ತಿರುಗುವುದಿಲ್ಲ. ಮುಂದೆ ಒಂದು ರಾತ್ರಿ ಅವಳು ತಡವಾಗಿ ಅವನಲ್ಲಿಗೆ ಹೋಗುತ್ತಾಳೆ. ಅರಸನು ಕತ್ತಿಯನ್ನು ಹಿಡಿದು ಮರೆಯಲ್ಲಿ ಹಿಂಬಾಲಿಸುತ್ತಾನೆ.

ಇಲ್ಲಿ ಜನ್ನನು ತೋರಿಸುವುದನ್ನು ನಿಧಾನವಾಗಿ ನೋಡಬೇಕು. ಮಾವುತನು ಕೇಳುವ ಮೊದಲ ಮಾತೇ ಏಕೆ ತಡವಾಯಿತೆಂಬುದು. ಉತ್ತರಕ್ಕಾಗಿ ಅವನು ಕಾಯುವುದಿಲ್ಲ. ಮುಡಿ ಹಿಡಿದೆಳೆಯುತ್ತಾನೆ, ಹೊಡೆಯುತ್ತಾನೆ, ಒದೆಯುತ್ತಾನೆ. ಅವಳು ಅವನ ಕಾಲ ಬಳಿ ಹೊರಳುತ್ತ ತಡವಾದುದಕ್ಕೆ ಕಾರಣವನ್ನು ನಿವೇದಿಸಿಕೊಳ್ಳುತ್ತಾಳೆ, ಅರಸನ ಪಕ್ಕದಲ್ಲಿರಬೇಕಾಯಿತೆಂದು ತಪ್ಪೊಪ್ಪಿಕೊಂಡಂತೆ ಹೇಳುತ್ತಾಳೆ, ನೀನು ಕೈಬಿಟ್ಟರೆ ಸಾಯುವೆನೆನ್ನುತ್ತಾಳೆ. ಪೆಟ್ಟು ತಿಂದವಳೇ ಕ್ಷಮೆ ಬೇಡುತ್ತಾಳೆ. ಈ ಕ್ರಮವನ್ನು ಗಮನಿಸಿರಿ: ಮೊದಲು ಸಮಯದ ಲೆಕ್ಕ, ಆಮೇಲೆ ಸಂಶಯ, ಆಮೇಲೆ ಕೈ, ಕೊನೆಗೆ ಪೆಟ್ಟು ತಿಂದವಳ ಶರಣಾಗತಿ. ಮೊಬೈಲಿನಲ್ಲಿ ಕಳುಹಿಸಿದ ಸಂದೇಶವನ್ನು ನೋಡಿಯೂ ಏಕೆ ಉತ್ತರಿಸಲಿಲ್ಲ, ಹತ್ತು ನಿಮಿಷ ಯಾರೊಡನೆ ಮಾತಾಡುತ್ತಿದ್ದೆ, ಗುಪ್ತಸಂಖ್ಯೆಯನ್ನು ನನಗೇಕೆ ಹೇಳಲೊಲ್ಲೆ ಎಂದು ಇಂದಿನ ಹುಡುಗನು ಕೇಳುವ ಪ್ರಶ್ನೆಗೂ ಮಾವುತನ ಪ್ರಶ್ನೆಗೂ ಎಂಟು ಶತಮಾನಗಳ ಅಂತರವಿದೆ. ಪ್ರಶ್ನೆ ಮಾತ್ರ ಅದೇ.

ಮರೆಯಲ್ಲಿ ನಿಂತ ಯಶೋಧರನು ಇದೆಲ್ಲವನ್ನೂ ಕಾಣುತ್ತಾನೆ. ಕತ್ತಿ ಎತ್ತುತ್ತಾನೆ, ತನ್ನ ಘನತೆಗೆ ಇದು ತಕ್ಕುದಲ್ಲವೆಂದು ತಡೆದುಕೊಳ್ಳುತ್ತಾನೆ. ಅವನ ಮನಸ್ಸಿನಲ್ಲಿ ಹಾದುಹೋಗುವುದೆಲ್ಲವೂ ತನಗಾದ ಅವಮಾನ, ಸ್ತ್ರೀಯರ ಸ್ವಭಾವ, ಸಂಸಾರದ ಅಸಾರತೆ. ಎದುರಿಗೆ ಒಂದು ಜೀವ ಪೆಟ್ಟು ತಿನ್ನುತ್ತಿದೆಯೆಂಬುದು ಅವನಿಗೆ ವಿಷಯವೇ ಆಗುವುದಿಲ್ಲ. ನಾವು ಓದುಗರೂ ಅಷ್ಟೂ ಕಾಲ ಅದೇ ಕಂಬದ ಮರೆಯಲ್ಲಿ ಅರಸನ ಪಕ್ಕದಲ್ಲಿ ನಿಂತೇ ಓದಿದೆವು. ಪರೀಕ್ಷೆಗೆ ಕೇಳುತ್ತಿದ್ದ ಪ್ರಶ್ನೆಯೂ ‘ಅಮೃತಮತಿಯ ಪತನವನ್ನು ಕವಿ ಹೇಗೆ ಚಿತ್ರಿಸಿದ್ದಾನೆ?’ ಎಂಬುದೇ. ಆ ಪ್ರಶ್ನೆಯನ್ನು ನಾವೂ ಕೇಳಿದ್ದೇವೆ, ಉತ್ತರಪತ್ರಿಕೆಗಳಿಗೆ ಅಂಕಗಳನ್ನೂ ಕೊಟ್ಟಿದ್ದೇವೆ.

ಈ ಕಾವ್ಯದ ಉದ್ದೇಶವೇ ಅಹಿಂಸೆಯೆಂಬುದನ್ನು ನೆನೆದಾಗ ಆಶ್ಚರ್ಯ ಹೆಚ್ಚುತ್ತದೆ. ಹಿಟ್ಟಿನಿಂದ ಮಾಡಿದ ಹುಂಜವನ್ನು ಮಾರಿಗೆ ಬಲಿಗೊಟ್ಟ ಸಂಕಲ್ಪದೋಷಕ್ಕಾಗಿ ಯಶೋಧರನೂ ತಾಯಿ ಚಂದ್ರಮತಿಯೂ ಪ್ರಾಣಿಪಕ್ಷಿಗಳ ಜನ್ಮಗಳಲ್ಲಿ ತೊಳಲುತ್ತಾರೆ. ಜೀವವೇ ಇಲ್ಲದ ಹಿಟ್ಟಿನ ಕೊರಳಿಗೆ ಇಷ್ಟು ಸೂಕ್ಷ್ಮವಾದ ಲೆಕ್ಕವಿರುವ ಕಾವ್ಯದಲ್ಲಿ ರಾಣಿಯ ಬೆನ್ನಿಗೆ ಬಿದ್ದ ಪೆಟ್ಟು ಯಾರ ಖಾತೆಗೂ ಸೇರಿದಂತೆ ನಮಗೆ ತೋರುವುದಿಲ್ಲ. ಅದು ಅವಳ ಭ್ರಷ್ಟತೆಗೆ ಸಾಕ್ಷ್ಯವಾಗಿ ಮಾತ್ರ ಉಳಿಯುತ್ತದೆ.

ಮರುದಿನದ ಪ್ರಸಂಗ ಇನ್ನೂ ಮಾರ್ಮಿಕವಾದುದು. ಅರಸನು ವಿನೋದಕ್ಕೆಂಬಂತೆ ಕೈಯಲ್ಲಿದ್ದ ನೆಯ್ದಿಲಿನಿಂದ ರಾಣಿಯನ್ನು ಹೊಡೆಯುತ್ತಾನೆ. ಅವಳು ಮೂರ್ಛೆ ಬಂದವಳಂತೆ ಬೀಳುತ್ತಾಳೆ. ರಾತ್ರಿಯ ಒದೆಗಳನ್ನು ಸಹಿಸಿದವಳು ಹಗಲು ಹೂವಿನ ಪೆಟ್ಟಿಗೆ ಉರುಳಿದಳೆಂದು ಅರಸನು ಒಳಗೊಳಗೆ ನಕ್ಕು ಕೊಂಕು ನುಡಿಯುತ್ತಾನೆ. ಕವಿಯ ಅಭಿಪ್ರಾಯದಲ್ಲಿ ಇದು ಕಪಟದ ಪರಾಕಾಷ್ಠೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪದ್ಯವನ್ನು ಪಕ್ಕಕ್ಕಿಟ್ಟು ಘಟನೆಯನ್ನು ಮಾತ್ರ ನೋಡಿದರೆ ಏನು ಕಾಣುತ್ತದೆ? ಹಿಂದಿನ ರಾತ್ರಿ ಮೈತುಂಬ ಪೆಟ್ಟು ತಿಂದ ಒಬ್ಬಳು, ಎದುರಿಗೆ ಎತ್ತಿದ ಕೈಯನ್ನು ಕಂಡೊಡನೆ ಕುಸಿದಳು. ಯಾವ ಕೈಯಲ್ಲಿ ಏನಿದೆಯೆಂದು ನೋಡುವ ವ್ಯವಧಾನ ಅಂಥ ಮೈಗೆ ಇರುವುದಿಲ್ಲವೆಂಬುದನ್ನು ಶಾಲೆಗಳಲ್ಲಿ ದೀರ್ಘಕಾಲ ಕಳೆದವರು ಬಲ್ಲರು. ಕಪ್ಪುಹಲಗೆಯನ್ನು ಒರೆಸಲೆಂದು ಕೈ ಎತ್ತಿದರೆ ಮುಂದಿನ ಬೆಂಚಿನಲ್ಲಿ ತಲೆ ತಗ್ಗಿಸಿಕೊಳ್ಳುವ ಮಕ್ಕಳನ್ನು ನಾವು ಕಂಡಿದ್ದೇವೆ.

ಹದಿಮೂರನೆಯ ಶತಮಾನದ ಜೈನ ಕವಿಯ ಮೇಲೆ ಇಂದಿನ ನೀತಿಯನ್ನು ಹೇರುವುದು ಅನ್ಯಾಯವೆಂದು ವಿದ್ವಾಂಸರು ಆಕ್ಷೇಪಿಸಬಹುದು. ಅಮೃತಮತಿ ಮುಂದೆ ಗಂಡನಿಗೂ ಅತ್ತೆಗೂ ವಿಷವಿಕ್ಕಿದವಳು. ಅವಳನ್ನು ಮುಗ್ಧೆಯಾಗಿಸುವ ಇಚ್ಛೆ ನಮಗಿಲ್ಲ. ಗಿರೀಶ ಕಾರ್ನಾಡರು 1980ರಲ್ಲಿ ‘ಹಿಟ್ಟಿನ ಹುಂಜ’ ನಾಟಕದಲ್ಲಿ ಈ ರಾಣಿಗೆ ತನ್ನದೇ ಆದ ಮಾತನ್ನು ಕೊಟ್ಟರು, ಅದು ಬೇರೆಯೇ ಒಂದು ಕೃತಿ. ನಾವು ಹೇಳುವುದು ಇಷ್ಟೇ. ಜನ್ನನು ಪೆಟ್ಟನ್ನು ಮರೆಮಾಡಲಿಲ್ಲ. ಮುಡಿ, ಕೈ, ಕಾಲು, ಹೊರಳಾಟ, ಅಂಗಲಾಚಿಕೆ ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಇಟ್ಟಿದ್ದಾನೆ. ಕಂಡದ್ದನ್ನು ಬರೆಯುವ ಕವಿಯ ಪ್ರಾಮಾಣಿಕತೆ ಅವನ ಸಿದ್ಧಾಂತಕ್ಕಿಂತ ದೊಡ್ಡದಾಗಿತ್ತು. ಕಾಣದೆ ಹೋದವರು ನಾವು.

ಹೀಗೆ ಕಾಣದೆ ಹೋದುದಕ್ಕೆ ನಮ್ಮ ಸ್ವಂತ ಬದುಕಿನಲ್ಲಿ ಒಂದು ಸಾಕ್ಷಿಯಿದೆ. ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳದಿದ್ದರೆ ಈ ಲೇಖನಕ್ಕೆ ಅಧಿಕಾರವಿಲ್ಲ. ನಾವು ಮುಖ್ಯೋಪಾಧ್ಯಾಯರಾಗಿದ್ದ ದಿನಗಳಲ್ಲಿ ಹತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿನಿಯ ಪುಸ್ತಕದೊಳಗೆ ಒಂದು ಪತ್ರ ಸಿಕ್ಕಿತೆಂದು ಅಧ್ಯಾಪಕರೊಬ್ಬರು ತಂದುಕೊಟ್ಟರು. ಬರೆದವನು ನಮ್ಮ ಶಾಲೆಯವನಲ್ಲ, ಅವಳಿಗಿಂತ ಎರಡು ಮೂರು ವರ್ಷ ದೊಡ್ಡವನು. ಟ್ಯೂಷನ್ನಿಗೆ ಬರುವ ಇನ್ನೊಬ್ಬನೊಡನೆ ಮಾತಾಡಕೂಡದು, ಬಸ್ಸಿನಲ್ಲಿ ಇಂಥ ಕಡೆಯೇ ಕುಳಿತುಕೊಳ್ಳಬೇಕು, ಬಿಟ್ಟುಹೋದರೆ ಫೋಟೋವನ್ನು ಎಲ್ಲರಿಗೂ ಹಂಚುವೆನು, ತಾನೂ ಸಾಯುವೆನು ಎಂದೆಲ್ಲ ಅದರಲ್ಲಿತ್ತು. ಅವಳ ಮಣಿಕಟ್ಟಿನ ಮೇಲೆ ಕಂದಿದ ಗುರುತಿತ್ತು; ಕೇಳಿದ್ದಕ್ಕೆ ಬಾವಿಕಟ್ಟೆಯ ಬಳಿ ಜಾರಿಬಿದ್ದೆನೆಂದಳು. ನಾವು ನಂಬಿದೆವು, ಅಥವಾ ನಂಬುವುದು ಸುಲಭವಾಗಿತ್ತು. ತಂದೆಯನ್ನು ಕರೆಯಿಸಿ ಪತ್ರವನ್ನು ಕೈಯಲ್ಲಿಟ್ಟೆವು. ಮರುವಾರದಿಂದ ಅವಳು ಶಾಲೆಗೆ ಬರಲಿಲ್ಲ. ಹುಡುಗನನ್ನು ಯಾರೂ ಏನೂ ಕೇಳಲಿಲ್ಲ. ಶಾಲೆಯ ಕಡತದಲ್ಲಿ ನಾವು ಅದನ್ನು ‘ಪ್ರೇಮಪತ್ರ’ವೆಂದು ಬರೆದೆವು. ಅದು ಬೆದರಿಕೆಯ ಪತ್ರ. ಓದುಬಲ್ಲವರೇ ಆಗಿದ್ದ ನಾವು ಅದನ್ನು ಎರಡು ಬಾರಿ ಓದಿದ್ದೆವು.

ಅವಳು ಬಾವಿಕಟ್ಟೆಯೆಂದು ಏಕೆ ಹೇಳಿದಳೆಂಬುದಕ್ಕೆ ಉತ್ತರ ಅಮೃತಮತಿಯಲ್ಲಿದೆ. ಗಜಶಾಲೆಯಲ್ಲಿ ಪೆಟ್ಟು ತಿಂದವಳು ಯಾರಿಗೆ ದೂರು ಕೊಡಬೇಕು? ಪೆಟ್ಟನ್ನು ಹೇಳಬೇಕಾದರೆ ಅಲ್ಲಿಗೆ ಹೋದುದನ್ನು ಹೇಳಬೇಕು. ಹೋದುದನ್ನು ಹೇಳಿದೊಡನೆ ಪೆಟ್ಟಿನ ಮಾತು ಹಿಂದಕ್ಕೆ ಸರಿದು, ಹೋದುದೇ ವಿಚಾರಣೆಗೆ ಬರುತ್ತದೆ. ಮನೆಯವರಿಗೆ ತಿಳಿಯದ ಸ್ನೇಹದಲ್ಲಿರುವ ಹುಡುಗಿಯ ಅವಸ್ಥೆ ಇದೇ. ಹೊಡೆಯುವವನಿಗೂ ಇದು ಗೊತ್ತಿರುತ್ತದೆ. ಅವನ ಧೈರ್ಯದ ಬಹುಪಾಲು ನಮ್ಮ ಮನೆಗಳ ಕಟ್ಟುನಿಟ್ಟಿನಿಂದಲೇ ಹುಟ್ಟುತ್ತದೆ. ಜಾತಿಯೋ ಮತವೋ ಬೇರೆಯಾಗಿದ್ದರೆ ಬಾಯಿ ಇನ್ನಷ್ಟು ಬಿಗಿಯಾಗುತ್ತದೆ. ಹುಡುಗರಿಗೂ ಈ ಬಲೆ ತಪ್ಪಿದ್ದಲ್ಲ. ಬಿಟ್ಟರೆ ಸಾಯುವೆನೆಂಬ ಹುಡುಗಿಯ ಮಾತಿಗೆ ಹೆದರಿ ಓದು ಕೆಡಿಸಿಕೊಂಡವರನ್ನೂ ನಾವು ಬಲ್ಲೆವು.

ಕಾನೂನು ಇಲ್ಲವೆಂದಲ್ಲ. 2012ರ ಪೋಕ್ಸೊ ಕಾಯಿದೆ 18 ತುಂಬದವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸಿ ಲೈಂಗಿಕ ಅಪರಾಧಗಳಿಂದ ರಕ್ಷಿಸುತ್ತದೆ. ಅಂಥ ಅಪರಾಧ ತಿಳಿದುಬಂದವರು ವರದಿ ಮಾಡುವುದು ಕಡ್ಡಾಯ. ಹೆಂಗಸನ್ನು ಬೆನ್ನುಹತ್ತಿ ಕಾಡುವುದು 2013ರಲ್ಲಿ ದಂಡಸಂಹಿತೆಯಲ್ಲಿ ಪ್ರತ್ಯೇಕ ಅಪರಾಧವಾಯಿತು, ಈಗ ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿನಲ್ಲಿದೆ. ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ಮಗುವಾದರೂ ಕರೆಮಾಡಬಹುದು. ಆದರೆ ಕಾಯಿದೆಯ ಬಿಗಿಯೇ ಕೆಲವೊಮ್ಮೆ ಮೌನಕ್ಕೆ ಕಾರಣವಾಗುತ್ತದೆ. ಬಾಯಿಬಿಟ್ಟರೆ ಪೋಲೀಸು, ನ್ಯಾಯಾಲಯ, ಅವನಿಗೆ ಸೆರೆ, ಮನೆಗೆ ಅಪಕೀರ್ತಿ ಎಂದು ಹುಡುಗಿ ಲೆಕ್ಕ ಹಾಕುತ್ತಾಳೆ. ಆ ಪತ್ರದ ಕಾಲದಲ್ಲಿ ಈ ಕಾಯಿದೆಗಳು ಇರಲಿಲ್ಲ. ಇದ್ದಿದ್ದರೂ ಅವಳು ಬಾವಿಕಟ್ಟೆಯೆಂದೇ ಹೇಳುತ್ತಿದ್ದಳೇನೋ. ಇದು ಒಂದೂರಿನ ಕಥೆಯಲ್ಲವೆಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಒಂದು ಅಂಕಿಯನ್ನು ಮಾತ್ರ ಕಾಣಿಸುತ್ತೇವೆ: ಲೋಕದಲ್ಲಿ ದಾಂಪತ್ಯವೋ ಸ್ನೇಹವೋ ಯಾವುದಾದರೂ ಸಂಗಾತಿಸಂಬಂಧವನ್ನು ಕಂಡ 15ರಿಂದ 19ರ ವಯಸ್ಸಿನ ಹುಡುಗಿಯರಲ್ಲಿ ಶೇಕಡಾ 24ರಷ್ಟು ಮಂದಿ ಇಪ್ಪತ್ತು ತುಂಬುವ ಮೊದಲೇ ಸಂಗಾತಿಯ ಕೈಯಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾಗುತ್ತಾರೆ.

ನೆರೆಯ ಮಲಯಾಳದವರು ಈ ವಿಷಯದಲ್ಲಿ ನಮಗಿಂತ ಒಂದು ಹೆಜ್ಜೆ ಮುಂದಿದ್ದಾರೆಂದು ಒಪ್ಪಿಕೊಳ್ಳಬೇಕು. 2019ರ ‘ಉಯರೆ’ ಚಲನಚಿತ್ರವನ್ನು ಮೊಮ್ಮಕ್ಕಳೊಂದಿಗೆ ನೋಡಿದೆವು. ವಿಮಾನ ಹಾರಿಸಬೇಕೆಂಬ ಕನಸಿನ ಪಲ್ಲವಿ, ಅವಳನ್ನು ಪ್ರೀತಿಸುವ ಗೋವಿಂದ. ಅವನು ಮೊದಲಿನಿಂದಲೂ ದುಷ್ಟನಲ್ಲ. ಶಾಲೆಯ ದಿನಗಳಲ್ಲಿ ಅವಳ ಬೆಂಬಲಕ್ಕೆ ನಿಂತವನು. ಆ ಋಣವೇ ಅವಳ ಕಾಲಿಗೆ ತೊಡಕಾಗುತ್ತದೆ. ಉಡುಪು, ಗೆಳೆಯರು, ಫೋನು, ಹೋಗುವ ಜಾಗ ಎಲ್ಲಕ್ಕೂ ಅವನ ಅಪ್ಪಣೆ ಬೇಕು. ಅವಳು ಬಿಡುತ್ತೇನೆಂದ ಮೇಲೆ ಅವನು ಮುಖಕ್ಕೆ ಆಮ್ಲ ಎರಚುತ್ತಾನೆ. ಆಮ್ಲದ ದೃಶ್ಯಕ್ಕೆ ಎಲ್ಲರೂ ಬೆಚ್ಚಿದರು. ನಮಗೆ ಅದಕ್ಕಿಂತ ಹೆಚ್ಚು ತಟ್ಟಿದ್ದು ಅದರ ಮೊದಲಿನ ಸಣ್ಣಸಣ್ಣ ಫೋನಿನ ಕರೆಗಳು. ಆ ಭಾಗದಲ್ಲಿ ಚಿತ್ರಮಂದಿರದ ಹಿಂದಿನ ಸಾಲಿನ ಕೆಲವು ಹುಡುಗರು ನಗುತ್ತಿದ್ದರು, ಗೋವಿಂದನ ಮಾತುಗಳು ಅವರಿಗೆ ಪರಿಚಿತವೆಂಬಂತೆ.

ನಮ್ಮ ಕನ್ನಡ ಚಿತ್ರಗಳ ನೆನಪೂ ಆಗ ಬಂತು. ಪುಟ್ಟಣ್ಣ ಕಣಗಾಲರ ‘ನಾಗರಹಾವು’ 1972ರಲ್ಲಿ ತೆರೆಕಂಡಾಗ ನಾವು ತರುಣರು; ರಾಮಾಚಾರಿಯೇ ನಮ್ಮ ನಾಯಕ. ಅಲಮೇಲುವನ್ನು ಜಲೀಲನು ಕಾಡುತ್ತಾನೆ. ಅವಳ ಅಣ್ಣ ವರದನು ರಾಮಾಚಾರಿಯ ನೆರವು ಕೇಳುತ್ತಾನೆ, ತಂಗಿಯನ್ನೇ ಅವನಿಗೆ ಕೊಡಿಸುವ ಮಾತಾಡುತ್ತಾನೆ. ಕಾಟದಿಂದ ಬಿಡಿಸಿದವನಿಗೆ ಕಾಟಕ್ಕೊಳಗಾದವಳೇ ಬಹುಮಾನ. ಅಂದು ನಮ್ಮಲ್ಲಿ ಯಾರಿಗೂ ಇದು ವಿಚಿತ್ರವೆನಿಸಲಿಲ್ಲ. ಚಿತ್ರವನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ವರದನ ಮಾತು ಮುಂದೆ ಹುಸಿಯಾಗುವುದನ್ನೂ ಅಲಮೇಲುವಿನ ದುರಂತವನ್ನೂ ಪುಟ್ಟಣ್ಣನವರು ಮರೆಸಲಿಲ್ಲ.

ಇನ್ನು ಎರಡನೆಯ ಪ್ರಸಂಗ. ಅಮೃತಮತಿ ಹೇಳಲಾರದವಳು, ಸೈರಂಧ್ರಿ ಹೇಳಿದವಳು. ವ್ಯಾಸಭಾರತದ ವಿರಾಟಪರ್ವದಲ್ಲಿ ಅವಳು ಹೇಳಿದಷ್ಟು ಸಲ, ಹೇಳಿದಷ್ಟು ಜನರಿಗೆ, ಇಂದಿನ ಯಾವ ಭಿತ್ತಿಪತ್ರವೂ ಹೇಳಲು ಸೂಚಿಸುವುದಿಲ್ಲ. ಮೊದಲು ಕೀಚಕನಿಗೇ ಒಲ್ಲೆನೆಂದು ಹೇಳಿದಳು. ರಾಣಿ ಸುದೇಷ್ಣೆಯು ಮದ್ಯ ತರುವ ನೆಪದಲ್ಲಿ ತಮ್ಮನ ಮನೆಗೆ ಕಳುಹಿಸಲು ಹೊರಟಾಗ, ಅಲ್ಲಿ ನನಗೆ ಅವಮಾನವಾಗುವುದು, ಬೇರೆಯವರನ್ನು ಕಳುಹಿಸಿರೆಂದು ಬೇಡಿದಳು. ಅಲ್ಲಿಂದ ತಪ್ಪಿಸಿಕೊಂಡು ಆಸ್ಥಾನಕ್ಕೇ ಓಡಿಬಂದಳು. ಕೀಚಕನು ಬೆನ್ನಟ್ಟಿ ಬಂದು ರಾಜನ ಕಣ್ಣೆದುರೇ ಮುಡಿ ಹಿಡಿದು ಒದೆದನು. ಅವಳು ನ್ಯಾಯ ಕೇಳಿದಳು.

ಹಿರಿಯರ ಉತ್ತರಗಳನ್ನು ಒಂದೊಂದಾಗಿ ನೋಡೋಣ, ಏಕೆಂದರೆ ವ್ಯಾಸರ ಪ್ರತಿಭೆ ಇಲ್ಲಿದೆ. ನಮ್ಮ ಕಣ್ಮರೆಯಲ್ಲಿ ನಿಮ್ಮಿಬ್ಬರೊಳಗೆ ಏನು ಜಗಳವಾಯಿತೋ ತಿಳಿಯದು, ತಿಳಿಯದೆ ನಾವು ಏನು ನಿರ್ಣಯಿಸಲಾದೀತೆಂಬುದು ವಿರಾಟನ ಧೋರಣೆ, ಒದೆದುದು ಅವನೆದುರಿಗೇ. ಸಭಾಸದರು ಕೀಚಕನನ್ನು ನಿಂದಿಸಿದರು, ಅವಳನ್ನು ಹೊಗಳಿದರು. ಹೊಗಳಿದವರೊಳಗೆ ಇಂಥ ಚೆಲುವೆಯನ್ನು ಹೆಂಡತಿಯಾಗಿ ಪಡೆದವನು ಧನ್ಯನೆಂದವರೂ ಇದ್ದರು. ಕಂಕನ ವೇಷದಲ್ಲಿದ್ದ ಧರ್ಮರಾಯನು ಅಂತಃಪುರಕ್ಕೆ ಹೋಗೆಂದನು, ನಟಿಯಂತೆ ಅತ್ತು ರಾಜಸಭೆಯ ಜೂಜಿಗೆ ವಿಘ್ನ ಮಾಡುತ್ತಿರುವೆಯೆಂದು ಗದರಿದನು. ಅಜ್ಞಾತವಾಸ ಬಯಲಾಗಬಾರದೆಂಬ ಕಾರಣ ಅವನಿಗಿತ್ತು, ನಿಜ. ಸುಮ್ಮನಿರೆಂದು ಹೇಳುವ ಪ್ರತಿಯೊಬ್ಬ ಹಿರಿಯನಿಗೂ ಒಂದು ಕಾರಣ ಇದ್ದೇ ಇರುತ್ತದೆ. ನಮಗೆ ಶಾಲೆಯ ಹೆಸರಿತ್ತು.

ಕೊನೆಗೆ ನಡುರಾತ್ರಿಯ ಪಾಕಶಾಲೆಯಲ್ಲಿ ಭೀಮನು ಕೇಳಿದನು. ಕುಮಾರವ್ಯಾಸನ ಕಾವ್ಯದಲ್ಲಿ ಅವನೂ ಒಮ್ಮೆಗೇ ಒಪ್ಪಲಿಲ್ಲ. ಐವರು ಗಂಡರನ್ನೂ ಜಾಡಿಸಿ ಅವಳು ಆಡಿದ ಮಾತುಗಳು ಬೇಕಾದುವು. ಆ ಭಾಗವನ್ನು ಗಮಕಿಗಳು ಹಾಡುವಾಗ ಸಭೆ ನಿಶ್ಶಬ್ದವಾಗುವುದನ್ನು ನಾವು ಎಷ್ಟೋ ಸಲ ಅನುಭವಿಸಿದ್ದೇವೆ.

ಆದರೆ ಆಟದ ಚೌಕಿಯಿಂದ ರಂಗಸ್ಥಳಕ್ಕೆ ಬಂದಾಗ ಕಥೆಯ ತೂಕ ಎತ್ತಲೋ ಸರಿದುಬಿಡುತ್ತದೆ. ಪಾರ್ತಿಸುಬ್ಬನ ಕುಂಬಳೆಯ ಸೀಮೆಯವರಾದ ನಮಗೆ ಯಕ್ಷಗಾನವೆಂದರೆ ಮನೆಯ ಮಾತು. ಆದುದರಿಂದ ಸಲಿಗೆಯಿಂದ ಹೇಳುತ್ತೇವೆ. ‘ಕೀಚಕ ವಧೆ’ಯಲ್ಲಿ ಕೀಚಕನ ಪ್ರವೇಶ, ಅವನ ಶೃಂಗಾರದ ಪದಗಳು, ಅರ್ಥಧಾರಿಯ ವಾಗ್ವೈಭವ ಇವಕ್ಕೆ ಸಿಗುವ ಹೊತ್ತು ಸೈರಂಧ್ರಿಯ ನಿರಾಕರಣೆಗೆ ಸಿಗುವುದಿಲ್ಲ. ಅವಳು ಒಲ್ಲೆನೆಂದಷ್ಟೂ ಅವನಿಗೆ ಇನ್ನೊಂದು ಪದ, ಸಭಿಕರಿಗೆ ಇನ್ನೊಂದು ನಗೆ. ಕಥಕಳಿಯಲ್ಲಿ ಇರಯಿಮ್ಮನ್ ತಂಬಿಯವರ ‘ಕೀಚಕವಧಂ’ ಕೂಡ ಕೀಚಕನ ಪ್ರಣಯಕ್ಕೆ ಸುಂದರವಾದ ಪದವನ್ನೇ ಕೊಟ್ಟಿದೆ. ರಸದೃಷ್ಟಿಯಿಂದ ಇದನ್ನು ಸಮರ್ಥಿಸಬಹುದು: ಕಾಮದ ಮೋಹಕತೆ ತೋರದೆ ಅದರ ಕ್ರೌರ್ಯ ತೋರದು. ಒಪ್ಪಿದೆವು. ಆದರೆ ಮೋಹಕತೆ ಮುಗಿದು ಕ್ರೌರ್ಯ ಆರಂಭವಾದುದು ಎಲ್ಲಿಯೆಂಬುದನ್ನು ಪಾತ್ರಧಾರಿಯ ಮುಖದಲ್ಲಿ ಸಭಿಕನು ಕಾಣಬೇಕು. ಸೈರಂಧ್ರಿಯ ಪಾತ್ರಧಾರಿಗೆ ಅದಕ್ಕೆ ಪ್ರತಿಯಾಗಿ ಮಾತು ಬೇಕು, ಹೊತ್ತು ಬೇಕು. ಶಾಲೆಯ ವಾರ್ಷಿಕೋತ್ಸವಗಳಲ್ಲಿ ಮಕ್ಕಳಿಂದ ಈ ಪ್ರಸಂಗವನ್ನು ಆಡಿಸುವ ಮಿತ್ರರಿಗೆ ಇಷ್ಟನ್ನು ಸೂಚಿಸುವ ಹಕ್ಕು ಹಳೆಯ ಮೇಷ್ಟ್ರಿಗೆ ಇದೆಯೆಂದು ಭಾವಿಸಿದ್ದೇವೆ.

ಇನ್ನೊಂದು ಸೂಚನೆಯೂ ಉಂಟು. ನಾವು ನೋಡಿದ ಆಟಗಳಲ್ಲಿ ಕೀಚಕನೂ ಅವನ ತಮ್ಮಂದಿರೂ ಸತ್ತೊಡನೆ ಭಾಗವತರು ಮಂಗಳ ಹಾಡುತ್ತಾರೆ. ವ್ಯಾಸರು ಅಲ್ಲಿಗೆ ನಿಲ್ಲಿಸಲಿಲ್ಲ. ಕೀಚಕನು ಇವಳಿಗಾಗಿಯೇ ಸತ್ತನು, ಆದುದರಿಂದ ಇವಳನ್ನೂ ಅವನ ಚಿತೆಯಲ್ಲಿ ಸುಡಬೇಕೆಂದು ಉಪಕೀಚಕರು ಎಳೆದೊಯ್ದರು. ವಿರಾಟನು ಅದಕ್ಕೆ ಸಮ್ಮತಿಸಿದನು. ಭೀಮನು ಅವರನ್ನೂ ಕೊಂದು ಅವಳನ್ನು ಬಿಡಿಸಿದ ಮೇಲೆ ಊರಿನವರು ಅರಸನ ಬಳಿಗೆ ಓಡಿದರು. ಅವರ ದೂರು ಸತ್ತ ಕೀಚಕನ ನಡತೆಯ ಮೇಲಲ್ಲ. ಸೈರಂಧ್ರಿ ಚೆಲುವೆ, ಗಂಡಸರ ಮನಸ್ಸು ಚಂಚಲ, ಇವಳಿಂದ ಪಟ್ಟಣ ಹಾಳಾಗದಂತೆ ಏನಾದರೂ ಮಾಡಬೇಕೆಂಬುದು. ವಿರಾಟನು ತಾನು ನೇರವಾಗಿ ಹೇಳಲು ಅಂಜಿ, ಇಷ್ಟಬಂದ ಕಡೆಗೆ ಹೋಗಬಹುದೆಂದು ಸುದೇಷ್ಣೆಯ ಬಾಯಿಂದ ಹೇಳಿಸಿದನು. ಸ್ಮಶಾನದಿಂದ ಮರಳಿ ಬಂದ ದ್ರೌಪದಿ, ಇನ್ನು ಹದಿಮೂರು ದಿನ ಮಾತ್ರ ಇರಲು ಬಿಡಬೇಕೆಂದು ಕೇಳಿಕೊಂಡಳು.

ಮಂಗಳಕ್ಕೆ ಮೊದಲು ಈ ಭಾಗಕ್ಕೂ ಒಂದು ಪದ ಇರಬೇಕು. ಬರೆಯಬಲ್ಲ ಪ್ರಸಂಗಕರ್ತರು ನಮ್ಮ ಸೀಮೆಯಲ್ಲಿ ಇನ್ನೂ ಇದ್ದಾರೆ. ಸಮ್ಮೇಳನಕ್ಕೆ ಅವರಲ್ಲಿ ಕೆಲವರಾದರೂ ಬರುತ್ತಾರೆ.